ಕೊಳೆಗೂ ಸಾಕ್ಷಿ ಬೇಕು



ರೇಡಿಯೋ ನಿಯಂತ್ರಿತ ಮಾದರಿ ಯುದ್ಧವಿಮಾನಗಳನ್ನು ಕಟ್ಟಿ ಹಾರಿಸುವ ಹವ್ಯಾಸ ಬ್ರಿಟನ್ನಿನಲ್ಲಿ ನೆಲೆಸಿರುವ ನಮ್ಮ ಕೆಲವು ಕುಟುಂಬಗಳಲ್ಲಿ ಬೇರೂರಿದೆ. ತಂದೆ ಬಾಲ್ಸಾ ಮರ ಕತ್ತರಿಸಿದರೆ ಮಗಳು ಬಣ್ಣ ಹಚ್ಚುತ್ತಾಳೆ. ಸಂಘದ ಬೇಸಿಗೆ ಮೇಳದಲ್ಲಿ ಆ ವಿಮಾನಗಳಿಗೆಂದೇ ಒಂದು ಮೇಜು ಮೀಸಲಾಗಿರುತ್ತದೆ. ಇದು ನಮಗೆ ಹೆಮ್ಮೆಯ ವಿಷಯ. ಆದರೆ ಆ ವಿಮಾನಗಳ ಮೈಮೇಲೆ ಈಚೆಗೆ ಕಾಣಿಸಿಕೊಳ್ಳುತ್ತಿರುವ ‘ನೈಜತೆ’ಯ ಕುರಿತು ನಾವು ತಕರಾರು ಎತ್ತಲೇಬೇಕಾಗಿದೆ. ಯಾವ ದೇಶದ, ಯಾವ ವರ್ಷದ ವಿಮಾನವಾದರೂ ಸರಿ, ಎಲ್ಲದಕ್ಕೂ ಒಂದೇ ಬಗೆಯ ಹೊಗೆಮಸಿ, ಒಂದೇ ಬಗೆಯ ಎಣ್ಣೆಯ ಸೋರಿಕೆ, ರೆಕ್ಕೆಯ ಅಂಚಿನಲ್ಲಿ ಒಂದೇ ಬಗೆಯಾಗಿ ಸುಲಿದ ಬಣ್ಣ. ಆಧಾರವಿಲ್ಲದೆ ಬಳಿದ ಕೊಳೆ ಅಲಂಕಾರವಾದೀತೇ ಹೊರತು ನೈಜತೆಯಾಗದು ಎಂಬುದು ನಮ್ಮ ನಿಶ್ಚಿತ ಅಭಿಪ್ರಾಯ.

‘ಇದು ಆಟಿಕೆ, ಆಕಾಶದಲ್ಲಿ ಹಾರುವಾಗ ರಿವೆಟ್ಟನ್ನು ಎಣಿಸುವವರು ಯಾರು?’ ಎಂದು ಕೆಲವರು ನಗುತ್ತಾರೆ. ಅವರಿಗೆ ಸ್ಪಿಟ್‌ಫೈರ್‌ನ ಒಂದು ಪ್ರಸಂಗವನ್ನು ನೆನಪಿಸಬಯಸುತ್ತೇವೆ. 1936ರ ಮಾರ್ಚ್ 5ರಂದು ಮೊದಲು ಹಾರಿದ ಅದರ ಮೂಲಮಾದರಿಯಲ್ಲಿ ರಿವೆಟ್‌ಗಳ ತಲೆಗಳು ತಗಡಿನ ಮಟ್ಟಕ್ಕೆ ಸಮನಾಗಿದ್ದವು. ಆ ಕೆಲಸಕ್ಕೆ ಖರ್ಚೂ ಹೆಚ್ಚು, ಸಮಯವೂ ಹೆಚ್ಚು. ಎಲ್ಲೆಡೆಯೂ ಅದು ಅಗತ್ಯವೇ ಎಂದು ತಿಳಿಯಲು ಸೂಪರ್‌ಮರೀನ್ ಸಂಸ್ಥೆಯವರು ರಿವೆಟ್‌ಗಳ ಮೇಲೆ ಬಟಾಣಿ ಬೇಳೆಗಳನ್ನು ಅಂಟಿಸಿ ವಿಮಾನವನ್ನು ಹಾರಿಸಿದರು. ವೇಗ ಗಂಟೆಗೆ 22 ಮೈಲಿಯಷ್ಟು ಕುಸಿಯಿತು! ಬಳಿಕ ಒಂದೊಂದು ಭಾಗದ ಬೇಳೆಗಳನ್ನು ಕಿತ್ತು ಮತ್ತೆ ಮತ್ತೆ ಹಾರಿಸಿ, ಉಬ್ಬುತಲೆಯ ರಿವೆಟ್ ಎಲ್ಲಿದ್ದರೆ ನಷ್ಟವಿಲ್ಲ ಎಂಬುದನ್ನು ಕಂಡುಕೊಂಡರು. ರಿವೆಟ್ಟಿನ ತಲೆ ಎಲ್ಲಿ ಉಬ್ಬಿದೆ, ಎಲ್ಲಿ ಅಡಗಿದೆ ಎಂಬುದರ ಹಿಂದೆ ಇಷ್ಟೊಂದು ಲೆಕ್ಕಾಚಾರವಿದೆ. ಅದನ್ನರಿಯದೆ ಸ್ಪಿಟ್‌ಫೈರ್‌ನ ರೆಕ್ಕೆಯ ಮುಂಭಾಗದ ತುಂಬ ಬಿಳಿ ಅಂಟಿನ ಹನಿಗಳಿಂದ ರಿವೆಟ್ ಸಾಲು ಮೂಡಿಸುವವರು ಆ ವಿಮಾನವನ್ನು ಕಟ್ಟಿದವರ ಜಾಣ್ಮೆಯನ್ನೇ ಅಳಿಸಿಹಾಕುತ್ತಾರೆ.

ಇನ್ನು ಸುಲಿದ ಬಣ್ಣದ ಮಾತು. ಹರಿಕೇನ್ ವಿಮಾನದ ಒಡಲು ಚಾಲಕನ ಆಸನದ ಹಿಂದಿನಿಂದ ಬಾಲದವರೆಗೆ ಬಟ್ಟೆಯ ಹೊದಿಕೆಯದು. ಅಲ್ಲಿ ಕಾಣಬೇಕಾದುದು ಬಟ್ಟೆಯ ಅಡಿಯ ಮರದ ಪಟ್ಟಿಗಳ ಉಬ್ಬುಗೆರೆ. ಆದರೆ ನಮ್ಮ ಮೇಜಿನ ಹರಿಕೇನ್‌ಗಳಿಗೆ ಅಲ್ಲಿಯೂ ರಿವೆಟ್ ಸಾಲು, ಅಲ್ಲಿಯೂ ಬೆಳ್ಳಿಬಣ್ಣದ ಗೀರು! ಬಟ್ಟೆ ಸವೆದರೆ ಒಳಗಿನಿಂದ ಅಲ್ಯೂಮಿನಿಯಂ ಹೇಗೆ ಇಣುಕೀತು? ಮಸ್ಕಿಟೊ ವಿಮಾನದ ಕಥೆಯೂ ಇದೇ. ಬಾಲ್ಸಾ ತಿರುಳಿನ ಎರಡೂ ಬದಿಗೆ ಪ್ಲೈವುಡ್ ಅಂಟಿಸಿ ರೂಪಿಸಿದ ಒಡಲು ಅದರದು. ಅದರ ಮೇಲಿನ ಬೆಳ್ಳಿ ಗೀರು ಶುದ್ಧ ಕಲ್ಪನೆ. ಇದಕ್ಕೆ ವಿರುದ್ಧವಾಗಿ, ಅಂದಿನ ಜಪಾನಿನ ಹಲವು ವಿಮಾನಗಳಲ್ಲಿ ಬರಿ ಲೋಹದ ಮೇಲೆ ನೇರವಾಗಿ ಬಳಿದಿದ್ದ ಬಣ್ಣ ಹಾಳೆಹಾಳೆಯಾಗಿ ಎದ್ದುಹೋಗಿತ್ತೆಂಬುದಕ್ಕೆ ಛಾಯಾಚಿತ್ರಗಳ ಸಾಕ್ಷ್ಯವಿದೆ. ಅಲ್ಲಿ ಸುಲಿದ ಬಣ್ಣ ತೋರಿಸುವುದೇ ಸರಿ. ಆದ್ದರಿಂದ ನಮ್ಮ ಆಕ್ಷೇಪ ಹಳತಾಗಿಸುವ ಕಲೆಯ ಮೇಲಲ್ಲ, ಅದರ ಕುರುಡು ಬಳಕೆಯ ಮೇಲೆ.

ಅಳತೆಯನ್ನೂ ಮರೆಯುವಂತಿಲ್ಲ. ಆರನೇ ಒಂದರ ಪ್ರಮಾಣದಲ್ಲಿ ಕಟ್ಟಿದ ಮಾದರಿಯ ಮೇಲೆ ಒಂದು ಸೆಂಟಿಮೀಟರ್ ಬಣ್ಣ ಕಿತ್ತರೆ ನಿಜವಾದ ವಿಮಾನದಲ್ಲಿ ಅದು ಆರು ಸೆಂಟಿಮೀಟರ್ ಗಾಯ. ಕುಂಚದ ಒಂದು ದಪ್ಪ ಎಳೆತ ಅಂಗೈಯಗಲದ ಎಣ್ಣೆಯ ಹೊಳೆಯಾಗುತ್ತದೆ. ಅಂಥ ವಿಮಾನವನ್ನು ಯಾವ ಮೆಕ್ಯಾನಿಕ್ ಹಾರಲು ಬಿಟ್ಟಾನು? ಭಾರದ ಪ್ರಶ್ನೆಯೂ ಇದೆ. ಬಾಲದ ಕಡೆ ಏರಿಸಿದ ಬಣ್ಣ, ಅಂಟು, ಮೆರುಗೆಣ್ಣೆಗಳೆಲ್ಲ ಗುರುತ್ವ ಕೇಂದ್ರವನ್ನು ಹಿಂದಕ್ಕೆ ಎಳೆಯುತ್ತವೆ. ಅದನ್ನು ಸರಿದೂಗಿಸಲು ಮೂತಿಗೆ ಸೀಸ ತುಂಬಬೇಕಾಗುತ್ತದೆ. ವಿಮಾನದ ಒಟ್ಟು ತೂಕ ಏರುತ್ತದೆ. ಸುಳ್ಳಿನ ಭಾರ ಇಲ್ಲಿ ತಕ್ಕಡಿಯಲ್ಲೇ ಕಾಣುತ್ತದೆ.

ಇವೆಲ್ಲ ಕುಶಲತೆಯ ಮಾತುಗಳಾದವು. ಇದಕ್ಕಿಂತ ಗಂಭೀರವಾದ ಆಕ್ಷೇಪ ಎರಡಿವೆ.

ಮೊದಲನೆಯದು ಸಾವಿನ ಕುರಿತದ್ದು. ಸ್ಪಿಟ್‌ಫೈರ್, ಹರಿಕೇನ್‌ಗಳ ರೆಕ್ಕೆಯ ಬಂದೂಕಿನ ಬಾಯಿಗಳಿಗೆ ನೆಲದ ಸಿಬ್ಬಂದಿ ಕೆಂಪು ಬಟ್ಟೆಯ ತುಂಡು ಅಂಟಿಸುತ್ತಿದ್ದರು. ಒಳಗೆ ತೇವ ಸೇರಿ ಬಂದೂಕು ಹೆಪ್ಪುಗಟ್ಟದಿರಲೆಂಬುದು ಉದ್ದೇಶ. ಗುಂಡು ಹಾರಿದೊಡನೆ ಅದು ಹರಿಯುತ್ತಿತ್ತು. ಬಟ್ಟೆ ಅಖಂಡವಾಗಿದ್ದರೆ ವಿಮಾನ ಇನ್ನೂ ಕಾದಿಲ್ಲ ಎಂದರ್ಥ. ಹರಿದು ಹಿಂದೆ ಮಸಿ ಹರಡಿದ್ದರೆ ಈಗಷ್ಟೇ ಕಾದಿ ಬಂದಿದೆ ಎಂದರ್ಥ. ಬಟ್ಟೆಯನ್ನು ಅಖಂಡವಾಗಿಟ್ಟು ಅದರ ಹಿಂದೆ ಗುಂಡಿನ ಮಸಿ ಬಳಿಯುವವರು ಯಾವ ಗಳಿಗೆಯನ್ನು ತೋರಿಸುತ್ತಿದ್ದಾರೆ? ಚಾಲಕನ ಕೋಣೆಯ ಕೆಳಗೆ ಸಾಲಾಗಿ ಅಂಟಿಸುವ, ಉರುಳಿಸಿದ ಶತ್ರು ವಿಮಾನಗಳ ಲೆಕ್ಕದ ಗುರುತುಗಳ ವಿಷಯದಲ್ಲಂತೂ ನಮಗೆ ರಾಜಿಯಿಲ್ಲ. ಆ ಒಂದೊಂದು ಗುರುತಿನ ಹಿಂದೆಯೂ ಮನುಷ್ಯರಿದ್ದರು. ಯಾವ ಚಾಲಕನ, ಯಾವ ದಿನದ ದಾಖಲೆಯೆಂದು ತಿಳಿಯದೆ, ‘ಚೆನ್ನಾಗಿ ಕಾಣುತ್ತದೆ’ ಎಂಬ ಒಂದೇ ಕಾರಣಕ್ಕೆ ಅದನ್ನು ಮಕ್ಕಳ ಕೈಯಿಂದ ಅಂಟಿಸುವುದು ನಮಗೆ ಒಪ್ಪಿತವಲ್ಲ.

ಎರಡನೆಯದು ಮರೆತುಹೋದ ಕೈಗಳ ಕುರಿತದ್ದು. 1944ರಲ್ಲಿ ಇಂಫಾಲದಲ್ಲಿ ಅರ್ಜನ್ ಸಿಂಗ್ ಅವರ ನಾಯಕತ್ವದ ಭಾರತೀಯ ವಾಯುಪಡೆಯ 1ನೇ ಸ್ಕ್ವಾಡ್ರನ್ ಹಾರಿಸಿದ್ದು ಹರಿಕೇನ್‌ಗಳನ್ನೇ. ಜಪಾನಿನ ಕೆಂಪು ಸೂರ್ಯನೆಂದು ಯಾರೂ ಭ್ರಮಿಸಬಾರದೆಂದು ಆ ರಣರಂಗದ ವಿಮಾನಗಳ ವೃತ್ತಲಾಂಛನದಿಂದ ಕೆಂಪನ್ನು ತೆಗೆದು ಎರಡು ಬಗೆಯ ನೀಲಿಯನ್ನಷ್ಟೇ ಉಳಿಸಿದ್ದರು. ಹೀಗಿದ್ದರೂ ನಮ್ಮ ಮೇಜಿನ ಮೇಲೆ ಅಂಥ ನೀಲಿ ಲಾಂಛನದ ಹರಿಕೇನ್ ಒಂದೂ ಇಲ್ಲ. ಪೆಟ್ಟಿಗೆಯಲ್ಲಿ ಬಂದ ಡೆಕಾಲ್ ಹಾಳೆಯೇ ನಮ್ಮ ಇತಿಹಾಸವಾಗಿದೆ.

ಬೆಂಗಳೂರನ್ನೇ ತೆಗೆದುಕೊಳ್ಳಿ. 1940ರಲ್ಲಿ ಮೈಸೂರು ಸರ್ಕಾರದ ನೆರವಿನಿಂದ ವಾಲ್‌ಚಂದ್ ಹೀರಾಚಂದರು ಅಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಸ್ಥಾಪಿಸಿದರು. ಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಲಿಬರೇಟರ್ ಬಾಂಬರ್‌ಗಳ ರಾಶಿಯೇ ಉಳಿದಿತ್ತು. ಇನ್ನು ಯಾರೂ ಬಳಸದಂತೆ ಬೇಕೆಂದೇ ಜಜ್ಜಿಹಾಕಿದ್ದ ಆ ವಿಮಾನಗಳನ್ನು ಈ ಕಾರ್ಖಾನೆಯವರು ಹಾರುವಷ್ಟರ ಮಟ್ಟಿಗೆ ತೇಪೆ ಹಾಕಿ, ಬೆಂಗಳೂರಿಗೆ ಹಾರಿಸಿ ತಂದು, ಪೂರ್ತಿಯಾಗಿ ಮರುನಿರ್ಮಿಸಿ ವಾಯುಪಡೆಗೆ ಒಪ್ಪಿಸಿದರು. 1968ರವರೆಗೂ ಅವು ಸೇವೆ ಸಲ್ಲಿಸಿದವು. ಭಾರತದ ಸೇವೆಯಲ್ಲಿದ್ದ ಅಂಥದೊಂದು ಲಿಬರೇಟರ್ 1974ರಲ್ಲಿ ಬ್ರಿಟನ್ನಿಗೆ ಹಾರಿಬಂದು ಇಲ್ಲಿನ ಆರ್‌ಎಎಫ್ ವಸ್ತುಸಂಗ್ರಹಾಲಯದ ಸಂಗ್ರಹ ಸೇರಿದೆ. ತಗಡಿನ ಮೇಲಿನ ತೇಪೆ, ಹೊಸ ರಿವೆಟ್ ಸಾಲು, ಬೇರೆ ಛಾಯೆಯ ಬಣ್ಣ, ಇವು ದುಡಿದವರು ಬಿಟ್ಟುಹೋದ ಸಹಿ. ಮಾದರಿಯ ಮೇಲ್ಮೈಯಲ್ಲಿ ಆ ಸಹಿಯನ್ನು ಓದುವಂತೆ ಮೂಡಿಸುವುದೇ ನೈಜತೆ. ಅದರ ಜಾಗದಲ್ಲಿ ಯಾವುದೋ ವೀಡಿಯೊ ನೋಡಿ ಕಲಿತ ಮಸಿ ಬಳಿದರೆ ಆ ಕೆಲಸಗಾರರನ್ನು ಎರಡನೆಯ ಬಾರಿ ಮರೆತಂತೆ.

‘ಸಾಕ್ಷ್ಯ ಕೇಳುತ್ತ ಕೂತರೆ ಮಕ್ಕಳ ಉತ್ಸಾಹ ಕುಂದುತ್ತದೆ’ ಎಂಬ ಮಾತೂ ಕೇಳಿಬಂದಿದೆ. ನಾವು ಇದನ್ನು ಒಪ್ಪುವುದಿಲ್ಲ. ‘ಇಲ್ಲಿ ಮಸಿ ಏಕೆ?’ ಎಂದು ಕೇಳಿದರೆ ಮಗು ಹೊಗೆಕೊಳವೆ ಎಲ್ಲಿದೆ, ಗಾಳಿ ಯಾವ ಕಡೆಗೆ ಹರಿಯುತ್ತದೆ ಎಂದು ಯೋಚಿಸುತ್ತದೆ. ‘ಇಲ್ಲಿ ಬಣ್ಣ ಏಕೆ ಸವೆದಿದೆ?’ ಎಂದರೆ ಚಾಲಕ ಎಲ್ಲಿ ಕಾಲಿಟ್ಟು ಹತ್ತುತ್ತಿದ್ದ ಎಂದು ಹುಡುಕುತ್ತದೆ. ಕಂಡದ್ದನ್ನೆಲ್ಲ ನಂಬುವ, ನಂಬಿಸುವ ಈ ಕಾಲದಲ್ಲಿ ಮಕ್ಕಳಿಗೆ ಇದಕ್ಕಿಂತ ಉಪಯುಕ್ತವಾದ ಪಾಠ ಯಾವುದಿದೆ?

ಆದ್ದರಿಂದ ಮುಂದಿನ ಮೇಳದ ಮೇಜಿಗೆ ಒಂದು ನಿಯಮವನ್ನು ನಾವು ಸೂಚಿಸುತ್ತೇವೆ. ಪ್ರತಿ ಮಾದರಿಯ ಪಕ್ಕದಲ್ಲಿ ಒಂದು ಚೀಟಿ ಇರಲಿ. ಇದು ಯಾವ ವಿಮಾನ, ಯಾವ ವರ್ಷದ್ದು, ಯಾವ ಛಾಯಾಚಿತ್ರವನ್ನು ನೋಡಿ ಬಣ್ಣ ಹಚ್ಚಲಾಯಿತು ಎಂದು ಮೂರು ಸಾಲು ಬರೆದಿಡಲಿ. ಕನ್ನಡದಲ್ಲೇ ಬರೆದರೆ ಇನ್ನೂ ಸಂತೋಷ. ಆಧಾರ ಸಿಗದ ಕಡೆ ಮೈಯನ್ನು ಶುಭ್ರವಾಗಿಯೇ ಬಿಡಿ. ಕಾರ್ಖಾನೆಯಿಂದ ಹೊರಬಂದ ದಿನ ಪ್ರತಿಯೊಂದು ವಿಮಾನವೂ ಶುಭ್ರವಾಗಿಯೇ ಇತ್ತು.