ಹಿರಣ್ಣಯ್ಯನವರ ಕ್ಲಿಪ್ ನೋಡಿ ನಕ್ಕರೆ ಸಾಲದು

ಮಾಸ್ಟರ್ ಹಿರಣ್ಣಯ್ಯ ತೀರಿಕೊಂಡದ್ದು 2019ರ ಮೇ 2ರಂದು. ಅವರ ಮಾತು ಮಾತ್ರ ಇನ್ನೂ ನಮ್ಮೂರುಗಳ ವಾಟ್ಸಾಪ್ ಗ್ರೂಪುಗಳಲ್ಲಿ ಓಡಾಡುತ್ತಲೇ ಇದೆ. ಎರಡು ನಿಮಿಷದ ಕ್ಲಿಪ್ಪು, ಅದರ ಕೆಳಗೆ ನಗುವ ಮುಖಗಳ ಸಾಲು. ಆಮೇಲೆ ಅದೇ ಫೋನನ್ನು ಜೇಬಿಗೆ ಹಾಕಿಕೊಂಡು ಕಚೇರಿಗೆ ಹೋಗಿ, ಒಂದು ಸಹಿಗೆ ಕೇಳಿದಷ್ಟು ಕೊಟ್ಟು ಬರುವುದೂ ನಡೆದೇ ಇದೆ. ಇದನ್ನು ಹಿರಣ್ಣಯ್ಯನವರಿಗೆ ಸಲ್ಲಿಸಿದ ಗೌರವ ಎನ್ನಬೇಡಿ. ಹೀಗೆ ನಗುವುದರಿಂದ ಲಂಚ ತಿನ್ನುವವರ ಒಂದು ಕೂದಲೂ ಕೊಂಕುವುದಿಲ್ಲ.

ಈ ಮನುಷ್ಯ ಯಾರೆಂದು ಹೊಸ ಹುಡುಗರಿಗೆ ಹೇಳಬೇಕು. ಹುಟ್ಟಿದ್ದು 1934ರಲ್ಲಿ, ಮೈಸೂರಿನಲ್ಲಿ. ಹುಟ್ಟುಹೆಸರು ನರಸಿಂಹಮೂರ್ತಿ. ತಂದೆ ಕೆ. ಹಿರಣ್ಣಯ್ಯ ಸ್ವತಃ ದೊಡ್ಡ ಹಾಸ್ಯ ನಟರು, ಮಿತ್ರ ಮಂಡಳಿ ಎಂಬ ನಾಟಕ ಕಂಪನಿ ಕಟ್ಟಿದವರು. 1953ರಲ್ಲಿ ತಂದೆ ತೀರಿಕೊಂಡಾಗ ಮಗನಿಗೆ ಇನ್ನೂ 20 ತುಂಬಿರಲಿಲ್ಲ. ಆ ವಯಸ್ಸಿನಲ್ಲಿ ಕಂಪನಿಯ ನೊಗಕ್ಕೆ ಹೆಗಲು ಕೊಟ್ಟರು. ನಾಟಕ ಬರೆದರು, ಆಡಿಸಿದರು, ಮುಖ್ಯ ಪಾತ್ರವನ್ನೂ ತಾವೇ ಮಾಡಿದರು. 'ಲಂಚಾವತಾರ' ಒಂದೇ 10,000ಕ್ಕೂ ಹೆಚ್ಚು ಪ್ರದರ್ಶನ ಕಂಡಿತು. 'ಭ್ರಷ್ಟಾಚಾರ', 'ನಡುಬೀದಿ ನಾರಾಯಣ', 'ಮಕ್ಮಲ್ ಟೋಪಿ' ಕೂಡ ಊರೂರು ಸುತ್ತಿದವು.

ಲಂಚಾವತಾರ ಅನ್ನುವ ಹೆಸರನ್ನೇ ನೋಡಿ. ದೇವರಿಗೆ ಹತ್ತು ಅವತಾರ. ಲಂಚಕ್ಕೆ ಲೆಕ್ಕವಿದೆಯೇ? ಮಾಮೂಲು, ಟೀ ಕಾಸು, ಪೆಟ್ರೋಲ್ ಖರ್ಚು, 'ಸಾಹೇಬರಿಗೂ ಸ್ವಲ್ಪ ನೋಡ್ಕೊಳ್ಳಿ'. ಹೆಸರು ಬದಲಾಗುತ್ತದೆ, ಕೈ ಒಂದೇ.

ಇಂಥ ಕೆಲಸ ಮಾಡಿದವರಿಗೆ ನಾವು ಅಂಟಿಸುವ ಚೀಟಿ 'ಹಾಸ್ಯ ನಟ' ಎಂದು. ನಗಿಸಿದರು, ಹೋದರು ಎಂಬಂತೆ. ನಮ್ಮ ತಕರಾರು ಇರುವುದು ಇಲ್ಲೇ. ಹಿರಣ್ಣಯ್ಯ ಬೆಳಿಗ್ಗೆ ಬಂದ ಸುದ್ದಿಯನ್ನು ರಾತ್ರಿ ನಾಟಕದ ಮಾತಿಗೆ ಸೇರಿಸುತ್ತಿದ್ದರು. ಬರೆದ ಮಾತಿಗೆ ನಿಲ್ಲುತ್ತಿರಲಿಲ್ಲ. ಪೇಪರು ಓದಲು ಬಾರದವರಿಗೆ ಆ ರಂಗವೇ ಪೇಪರು. ಪತ್ರಿಕೋದ್ಯಮ ಓದಿ ಬಂದ ನಾವು ಒಂದು ಮಾತು ಹೇಳಬಲ್ಲೆವು: ಸರ್ಕಾರಿ ಜಾಹೀರಾತು ನಂಬಿದ ಪತ್ರಿಕೆ ಬರೆಯಲು ಹೆದರುವುದನ್ನು, ಟಿಕೆಟ್ ಕೊಂಡ ಜನರನ್ನು ನಂಬಿದ ನಾಟಕ ಕಂಪನಿ ಗಟ್ಟಿಯಾಗಿ ಹೇಳಬಲ್ಲದು. ಅವರ ಅನ್ನ ಗಲ್ಲಾಪೆಟ್ಟಿಗೆಯಿಂದ ಬರುತ್ತಿತ್ತು. ಹಾಗಾಗಿ ನಾಲಿಗೆ ಅವರ ಕೈಯಲ್ಲೇ ಇತ್ತು.

ಈಗಿನ ಟಿವಿ ಕಾಮಿಡಿ ನೋಡಿ. ಅಲ್ಲಿ ನಗೆ ಯಾರ ಮೇಲೆ? ದಪ್ಪಗಿರುವವರ ಮೇಲೆ, ಕಪ್ಪಗಿರುವವರ ಮೇಲೆ, ಹೆಂಡತಿಯ ಮೇಲೆ, ಸೀರೆ ಉಟ್ಟ ಗಂಡಸಿನ ಮೇಲೆ, ಹಳ್ಳಿ ಮಾತಿನ ಮೇಲೆ. ನಮ್ಮ ಭಾಷೆಯನ್ನೇ ಆಡಿ ತೋರಿಸಿ ನಮ್ಮನ್ನೇ ನಗಿಸುತ್ತಾರೆ. ತಹಸೀಲ್ದಾರ್ ಕಚೇರಿ, ಕಂಟ್ರಾಕ್ಟರು, ಶಾಸಕರ ಹಿಂದೆ ಓಡಾಡುವ ಪಟಾಲಂ, ಇವರ ಬಗ್ಗೆ ಒಂದು ಜೋಕು ಕೇಳಲು ತಿಂಗಳುಗಟ್ಟಲೆ ಕಾಯಬೇಕು. ಕೆಳಗಿರುವವರನ್ನು ನೋಡಿ ನಗಲು ಧೈರ್ಯ ಬೇಕಿಲ್ಲ. ಮೇಲೆ ಕುಳಿತವರನ್ನು ನೋಡಿ ನಗಿಸಲು ಬೇಕು. ಹಿರಣ್ಣಯ್ಯನವರ ಬಳಿ ಆ ಧೈರ್ಯ ಇತ್ತು.

ಅವರು ಹೇಳಿದ್ದೆಲ್ಲ ವೇದವಾಕ್ಯ ಎಂದು ನಾವು ಹೇಳುತ್ತಿಲ್ಲ. ಕಂಪನಿ ನಾಟಕಗಳಲ್ಲಿ ಹೆಣ್ಣುಮಕ್ಕಳನ್ನು ಕುರಿತು ಬರುತ್ತಿದ್ದ ಎಷ್ಟೋ ನಗೆಮಾತು ಇಂದು ಗಂಟಲಲ್ಲಿ ಇಳಿಯುವುದಿಲ್ಲ. ಅದನ್ನು ಬಿಟ್ಟುಬಿಡೋಣ. ಜೊಳ್ಳಿದೆ ಅಂತ ಕಾಳನ್ನೂ ತೂರಿಬಿಡುವ ರೈತ ಇಲ್ಲ.

ಕೆಲವರು ಕೇಳುತ್ತಾರೆ: ಹತ್ತು ಸಾವಿರ ಸಲ ಆಡಿದರಲ್ಲ, ಲಂಚ ನಿಂತಿತೇ? ನಿಲ್ಲಲಿಲ್ಲ. ಆದರೆ ನಾಟಕದ ಕೆಲಸ ಕೈಗೆ ಬೇಡಿ ಹಾಕುವುದಲ್ಲ. ಒಂದು ಊರಿನ ಸಾವಿರ ಜನ ಒಂದೇ ಚಪ್ಪರದ ಕೆಳಗೆ ಕೂತು ಒಂದೇ ಮಾತಿಗೆ ನಕ್ಕಾಗ, 'ನಾನೊಬ್ಬನೇ ಕೊಟ್ಟು ಬಂದವನಲ್ಲ, ಪಕ್ಕದವನೂ ಕೊಟ್ಟಿದ್ದಾನೆ' ಎಂದು ಪ್ರತಿಯೊಬ್ಬರಿಗೂ ತಿಳಿಯುತ್ತದೆ. ಮುಂದಿನ ಸಾಲಿನಲ್ಲಿ ಅಧಿಕಾರಿ ಕೂತಿದ್ದರೆ ಅವರಿಗೂ ತಿಳಿಯುತ್ತದೆ. ಆ ನಗೆ ಒಂದು ಸಾಕ್ಷಿ. ಫೋನಿನಲ್ಲಿ ಒಬ್ಬೊಬ್ಬರೇ ನಗುವುದರಲ್ಲಿ ಈ ಶಕ್ತಿ ಇಲ್ಲ. ನಾವು ನಕ್ಕಿದ್ದು ಯಾರಿಗೂ ಕೇಳಿಸುವುದಿಲ್ಲ. ಲಂಚ ಕೇಳುವವರಿಗೆ ಇದಕ್ಕಿಂತ ಅನುಕೂಲ ಬೇರೆ ಏನು ಬೇಕು?

ಸರ್ಟಿಫಿಕೇಟಿಗಾಗಿ ಮೂರು ದಿನದ ಕೂಲಿ ಬಿಟ್ಟು ಅಲೆದು, ಕೊನೆಗೆ ಇನ್ನೂರು ರೂಪಾಯಿ ಕೊಟ್ಟ ತಾಯಿಯನ್ನು ನಾವು ಬೈಯುತ್ತಿಲ್ಲ. ಆಕೆಗೆ ಒಂಟಿಯಾಗಿ ಜಗಳವಾಡಲು ಆಗುವುದಿಲ್ಲ. ಒಂಟಿಯಾಗಿ ಬಿಟ್ಟಿದ್ದೇ ಊರಿನ ತಪ್ಪು. ಹಾಗಾಗಿ ಊರು ಸೇರಿ ಮಾಡಬೇಕಾದ ಎರಡು ಕೆಲಸ ಹೇಳುತ್ತೇವೆ.

ಒಂದು, ಕಾನೂನು ತಿಳಿದುಕೊಳ್ಳಿ. ಜಾತಿ, ಆದಾಯ ಪ್ರಮಾಣಪತ್ರದಂಥ ಸೇವೆಗಳು ಸಕಾಲ ಕಾಯ್ದೆಯ ಕೆಳಗೆ ಬರುತ್ತವೆ. ಅರ್ಜಿ ಕೊಟ್ಟಾಗ 15 ಅಂಕಿಯ ನಂಬರಿರುವ ಸ್ವೀಕೃತಿ ಕೇಳಿ ಪಡೆಯಿರಿ. ಗಡುವು ಮೀರಿದರೆ ಮೇಲ್ಮನವಿ ಹಾಕಬಹುದು. ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿ ಪರಿಹಾರ ಕೇಳುವ ಹಕ್ಕೂ ಇದೆ. 2018ರ ತಿದ್ದುಪಡಿಯಾದ ಮೇಲೆ ಲಂಚ ಕೊಡುವುದೂ ಅಪರಾಧವೇ. ಆದರೆ ಬಲವಂತಕ್ಕೆ ಕೊಟ್ಟವರು 7 ದಿನದೊಳಗೆ ಪೊಲೀಸರಿಗೆ ಅಥವಾ ತನಿಖಾ ಸಂಸ್ಥೆಗೆ ತಿಳಿಸಿದರೆ ಅವರಿಗೆ ರಕ್ಷಣೆ ಇದೆ. ನಮ್ಮ ರಾಜ್ಯದಲ್ಲಿ ಲೋಕಾಯುಕ್ತ ಪೊಲೀಸರಿಗೆ ದೂರು ಕೊಡಬಹುದು.

ಎರಡು, ನಾಟಕ ಆಡಿ. ಜಾತ್ರೆಗೆ, ಹಬ್ಬಕ್ಕೆ ನಮ್ಮ ಹುಡುಗರು ಈಗಲೂ ಬಣ್ಣ ಹಚ್ಚುತ್ತಾರೆ. ಸೀನರಿಗೆ, ಮೈಕಿಗೆ ಸಾವಿರಾರು ರೂಪಾಯಿ ಸುರಿಯುತ್ತಾರೆ. ಆಡುವುದು ಮಾತ್ರ ಅದೇ ಗೌಡರ ಮನೆ, ಅದೇ ದ್ವೇಷ, ನಡುನಡುವೆ ಕುಡುಕನ ಕಾಮಿಡಿ. ಈ ಸಲ ಆ ಕುಡುಕನ ಪಾತ್ರ ಮಾಡುವ ಹುಡುಗನ ಕೈಗೆ ಪೆನ್ನು ಕೊಡಿ. ಹದಿನೈದು ನಿಮಿಷದ ಒಂದು ದೃಶ್ಯ ಬರೆಯಲಿ: ಬಿಲ್ಲಾದರೂ ಕಾಣದ ಚರಂಡಿ, ಸತ್ತವರ ಹೆಸರಲ್ಲಿ ಕೂಲಿ, ಸಹಿಗೆ ಒಂದು ರೇಟು, ಸೀಲಿಗೆ ಒಂದು ರೇಟು. ಯಾರ ಹೆಸರನ್ನೂ ಹೇಳುವುದು ಬೇಡ. ಕುರ್ಚಿಯನ್ನು ತೋರಿಸಿದರೆ ಸಾಕು, ಕೂತವರು ಯಾರೆಂದು ಊರಿಗೆ ಗೊತ್ತು. ಪಂಚಾಯಿತಿ ಸದಸ್ಯರನ್ನೂ ಅಧಿಕಾರಿಗಳನ್ನೂ ಮರ್ಯಾದೆಯಿಂದ ಕರೆದು ಮುಂದಿನ ಸಾಲಿನಲ್ಲೇ ಕೂರಿಸಿ.

ಹಿರಣ್ಣಯ್ಯನವರ ಪ್ರತಿಮೆ ನಿಲ್ಲಿಸಿ ಅಂತ ನಾವು ಕೇಳುವುದಿಲ್ಲ. ಪ್ರತಿಮೆ ಉದ್ಘಾಟನೆಗೆ ಬರುವವರು ಯಾರು, ಅದರ ಕಂಟ್ರಾಕ್ಟು ಯಾರಿಗೆ ಹೋಗುತ್ತದೆ ಅನ್ನುವುದು ನಿಮಗೂ ಗೊತ್ತು, ನಮಗೂ ಗೊತ್ತು. ಅದರ ಬದಲು ಮುಂದಿನ ಜಾತ್ರೆಯ ಆ ಹದಿನೈದು ನಿಮಿಷವನ್ನು ಈಗಲೇ ಬರೆಯಲು ಕೂರಿ.