ಕಾಮಾಲೆಯ ಹಳೆಯ ಗುರುತು

ಕಳೆದ ತಿಂಗಳು ಒಂದು ಆದಿತ್ಯವಾರ ಪೂಜೆ ಮುಗಿಸಿ ನಾವು ಹೊರಗೆ ಬರುವಾಗ, ನಮ್ಮ ಅಡಿಕೆ ಕೃಷಿಕರೊಬ್ಬರು ಮಡಚಿದ ಕಾಗದ ಹಿಡಿದುಕೊಂಡು ಇಗರ್ಜಿಯ ಮೆಟ್ಟಿಲ ಬಳಿ ಕಾದು ನಿಂತಿದ್ದರು. ಗಲ್ಫಿಗೆ ಹೊರಟ ಮಗನಿಗೆ ಪಟ್ಟಣದ ಲ್ಯಾಬಿನಲ್ಲಿ ರಕ್ತಪರೀಕ್ಷೆಯ ಪ್ಯಾಕೇಜು ಮಾಡಿಸಿದ್ದರು. ವರದಿಯ ಒಂದು ಸಾಲಿನಲ್ಲಿ ‘ಹೆಪಟೈಟಿಸ್ ಇ ಐಜಿಜಿ ಪಾಸಿಟಿವ್’ ಎಂದಿತ್ತು. ಸುದ್ದಿ ಹೇಗೋ ಹುಡುಗಿಯ ಮನೆಗೆ ಮುಟ್ಟಿ, ನಿಶ್ಚಯವಾಗಿದ್ದ ಮದುವೆ ಈಗ ನಿಂತಿದೆ. “ಫಾದರ್, ಮಗನಿಗೆ ಒಂದು ದಿನವೂ ಕಾಮಾಲೆ ಬಂದದ್ದಿಲ್ಲ. ಇದು ಎಲ್ಲಿಂದ ಬಂತು?” ಎಂದು ಅವರು ಕೇಳಿದರು.

ನಾವು ವೈದ್ಯರಲ್ಲ. ಆದರೂ ತಿಳಿದವರನ್ನು ಕೇಳಿ, ಓದಿ ನೋಡಿದ ಮೇಲೆ ಈ ಅಂಕಣದಲ್ಲಿ ನಾಲ್ಕು ಮಾತು ಬರೆಯಲೇಬೇಕು ಅನಿಸಿತು.

ಹೆಪಟೈಟಿಸ್ ಇ ಎಂಬುದು ಮಲದಿಂದ ಕೆಟ್ಟ ನೀರಿನ ಮೂಲಕ ಹರಡುವ ವೈರಸ್. ಅದು ಹೊಕ್ಕಾಗ ಶರೀರವು ಮೊದಲು ಐಜಿಎಂ ಎಂಬ ಪ್ರತಿಕಾಯವನ್ನು ತಯಾರಿಸುತ್ತದೆ. ಇದು ಕೆಲವು ತಿಂಗಳಲ್ಲಿ ಮಾಯವಾಗುತ್ತದೆ. ಅದರ ಬೆನ್ನಿಗೇ ಬರುವ ಐಜಿಜಿ ವರ್ಷಗಟ್ಟಲೆ ಉಳಿಯುತ್ತದೆ. ತೋಟದಲ್ಲಿ ಕಾಡುಹಂದಿಯ ಹೆಜ್ಜೆ ಕಂಡರೆ ಅದು ನಿನ್ನೆ ರಾತ್ರಿಯದೋ ಕಳೆದ ಮಳೆಗಾಲದ್ದೋ ಎಂದು ನೀವು ಮಣ್ಣು ನೋಡಿ ಹೇಳುತ್ತೀರಲ್ಲ, ಹಾಗೆಯೇ ಇದು. ಐಜಿಎಂ ಇಲ್ಲದೆ ಐಜಿಜಿ ಮಾತ್ರ ಇದ್ದರೆ ಅದು ಒಣಗಿದ ಹೆಜ್ಜೆ. ವೈರಸ್ ಹೊಕ್ಕ ಎಲ್ಲರ ಕಣ್ಣೂ ಹಳದಿಯಾಗುವುದಿಲ್ಲ. ಎಷ್ಟೋ ಮಂದಿಗೆ ತಮಗೆ ಬಂದು ಹೋದದ್ದೇ ತಿಳಿದಿರುವುದಿಲ್ಲ. ಆ ಹುಡುಗನ ವರದಿಯಲ್ಲಿ ಐಜಿಎಂ ನೆಗೆಟಿವ್ ಇದೆ, ಪಿತ್ತಜನಕಾಂಗದ ಪರೀಕ್ಷೆಗಳೂ ಸರಿಯಾಗಿವೆ. ಹುಡುಗಿಯ ಮನೆಯವರು ಇದನ್ನು ಹೆಪಟೈಟಿಸ್ ಬಿ ಎಂದು ತಿಳಿದಂತಿದೆ. ಬಿ ಕೆಲವರ ರಕ್ತದಲ್ಲಿ ಉಳಿದುಬಿಡುತ್ತದೆ, ಗಂಡನಿಂದ ಹೆಂಡತಿಗೆ ತಗಲುತ್ತದೆ. ನಮ್ಮ ದೇಶದ ಜನರಿಗೆ ನೀರಿನಿಂದ ತಗಲುವ ಇ ಆರೋಗ್ಯವಂತರಲ್ಲಿ ಹಾಗೆ ಮನೆಮಾಡಿ ಕೂರುವುದಿಲ್ಲ. ಒಂದೇ ಅಕ್ಷರದ ವ್ಯತ್ಯಾಸಕ್ಕೆ ಎರಡು ಕುಟುಂಬಗಳು ಮಾತು ಬಿಟ್ಟಿವೆ.

ಹಾಗಾದರೆ ಈ ಪರೀಕ್ಷೆ ನಿಷ್ಪ್ರಯೋಜಕವೇ? ಅಲ್ಲ. 1955ರ ಕೊನೆಗೆ ದೆಹಲಿಯಲ್ಲಿ ಯಮುನೆಯ ನೆರೆ ಇಳಿದು ಹರಿವು ಬದಲಾದಾಗ, ಕೊಳಚೆ ನೀರು ವಜೀರಾಬಾದಿನ ನೀರೆತ್ತುವ ಜಾಗಕ್ಕೆ ನುಗ್ಗಿತು. ಸುಮಾರು 29,000 ಜನರಿಗೆ ಕಾಮಾಲೆಯಾಯಿತು. ಕ್ಲೋರಿನ್ ಹೆಚ್ಚಿಸಿದ್ದರಿಂದ ಟೈಫಾಯ್ಡ್ ಏರಲಿಲ್ಲ, ಕಾಮಾಲೆ ಮಾತ್ರ ನಿಲ್ಲಲಿಲ್ಲ. ಆಗ ಎಲ್ಲರೂ ಅದನ್ನು ಹೆಪಟೈಟಿಸ್ ಎ ಎಂದೇ ತಿಳಿದಿದ್ದರು. ಯಾರೋ ಪುಣ್ಯಾತ್ಮರು ಆ ರೋಗಿಗಳ ರಕ್ತದ ಸೀರಮ್ಮನ್ನು ಜೋಪಾನವಾಗಿ ತೆಗೆದಿಟ್ಟಿದ್ದರು. 1980ರಲ್ಲಿ ಅದನ್ನು ಪರೀಕ್ಷಿಸಿದಾಗ ಎ ರೋಗದ ಹಳೆಯ ಹೆಜ್ಜೆ ಸಿಕ್ಕಿತು, ಹೊಸ ಹೆಜ್ಜೆ ಸಿಗಲಿಲ್ಲ. ಅಂದರೆ ಕಾಯಿಲೆ ಬೇರೆಯೇ ಆಗಿತ್ತು. 1983ರಲ್ಲಿ ಸೋವಿಯತ್ ವಿಜ್ಞಾನಿ ಮಿಖಾಯಿಲ್ ಬಲಯಾನ್ ರೋಗಿಗಳ ಮಲದಿಂದ ತೆಗೆದ ದ್ರವವನ್ನು ತಾವೇ ಕುಡಿದು, ಕಾಯಿಲೆ ಬರಿಸಿಕೊಂಡು, ಈ ವೈರಸ್ಸನ್ನು ಕಂಡರು. (ಇಂಥ ತ್ಯಾಗವನ್ನು ಮೆಚ್ಚಬೇಕೋ ಗದರಬೇಕೋ ನಮಗೆ ತಿಳಿಯದು.) ಊರಿಗೆ ಬಂದ ಕಾಯಿಲೆ ಯಾವುದು, ಯಾವ ವಯಸ್ಸಿನವರಿಗೆ ಎಷ್ಟು ತಗಲಿದೆ ಎಂದು ಅರಿಯಲು ಪ್ರತಿಕಾಯ ಪರೀಕ್ಷೆಗಿಂತ ಒಳ್ಳೆಯ ದಾರಿ ಇಲ್ಲ. ಆದರೆ ಅದು ಊರಿನ ಲೆಕ್ಕಕ್ಕೆ. ಒಬ್ಬೊಬ್ಬರೂ ದುಡ್ಡು ಕೊಟ್ಟು ಹಳೆಯ ಸೋಂಕನ್ನು ಹುಡುಕಿಸಿಕೊಳ್ಳುವುದನ್ನು ನಾವು ಒಪ್ಪುವುದಿಲ್ಲ.

ಅದೂ ಅಲ್ಲದೆ ಕಿಟ್ಟಿನಿಂದ ಕಿಟ್ಟಿಗೆ ಫಲಿತಾಂಶ ಬದಲಾಗುತ್ತದೆ. ಇಂಗ್ಲೆಂಡಿನಲ್ಲಿ 500 ರಕ್ತದಾನಿಗಳ ರಕ್ತವನ್ನು ಎರಡು ಕಿಟ್ಟುಗಳಲ್ಲಿ ನೋಡಿದ ವರದಿ 2010ರಲ್ಲಿ ಬಂತು. ಅದೇ ರಕ್ತಕ್ಕೆ ಒಂದು ಕಿಟ್ಟು ಶೇಕಡಾ 3.6 ಎಂದರೆ ಇನ್ನೊಂದು ಶೇಕಡಾ 16.2 ಎಂದಿತು.

ನಮಗೆ ಹೆಚ್ಚು ಭಯ ಇರುವುದು ಬೇರೆ ಕಡೆ. ಕೆಲವು ವರ್ಷಗಳ ಹಿಂದೆ ನಾವು ಇನ್ನೊಂದು ಧರ್ಮಕೇಂದ್ರದಲ್ಲಿದ್ದಾಗ, ಒಂದು ಮನೆಯ ಎಂಟು ತಿಂಗಳ ಗರ್ಭಿಣಿ ಸೊಸೆಯ ಕಣ್ಣು ಹಳದಿಯಾಯಿತು. “ಅವಳಿಗೆ ಚಿಕ್ಕಂದಿನಲ್ಲೇ ಕಾಮಾಲೆ ಬಂದು ಹೋಗಿದೆ, ಇನ್ನು ಜೋರಾಗಿ ಬಾರದು” ಎಂದರು ಅತ್ತೆ. ಆರು ದಿನ ನೆಲನೆಲ್ಲಿ ಅರೆದು ಕೊಟ್ಟರು, ಉಪ್ಪು ಎಣ್ಣೆ ಬಿಡಿಸಿದರು. ಏಳನೆಯ ದಿನ ಅವಳ ಮಾತು ತಡವರಿಸತೊಡಗಿತು. ಆಸ್ಪತ್ರೆಯಲ್ಲಿ ಐಜಿಎಂ ನೋಡಿದಾಗ ಇ ಎಂದು ತಿಳಿಯಿತು. ತಾಯಿ ಉಳಿದಳು, ಮಗು ಉಳಿಯಲಿಲ್ಲ. ಆ ಪುಟ್ಟ ಪೆಟ್ಟಿಗೆಯನ್ನು ಆಶೀರ್ವದಿಸಿದ್ದು ನಾವೇ.

ಅತ್ತೆಯವರ ಮಾತು ಪ್ರೀತಿಯಿಂದಲೇ ಬಂದದ್ದು, ಆದರೆ ತಪ್ಪು. ನಮ್ಮ ದೇಶದಲ್ಲಿ ಚಿಕ್ಕಂದಿನ ಕಾಮಾಲೆ ಸಾಮಾನ್ಯವಾಗಿ ಎ. ಇ ಹೆಚ್ಚಾಗಿ ತಗಲುವುದು ಯೌವನದಲ್ಲಿ. ಪುಣೆಯಲ್ಲಿ 1982 ಮತ್ತು 1992ರಲ್ಲಿ ನಡೆದ ರಕ್ತಪರೀಕ್ಷೆಗಳು ಇದನ್ನೇ ತೋರಿಸಿದವು. ಎ ಬಂದು ಹೋದದ್ದು ಇ ಯನ್ನು ತಡೆಯುವುದಿಲ್ಲ. ಗರ್ಭದ ಕೊನೆಯ ಮೂರು ತಿಂಗಳಲ್ಲಿ ಇ ಬಂದರೆ ನೂರರಲ್ಲಿ 20ರಿಂದ 25 ತಾಯಂದಿರವರೆಗೆ ಸಾಯಬಹುದು. ನಾಟಿ ಮದ್ದಿನ ಮೇಲೆ ನಮಗೆ ಜಗಳವಿಲ್ಲ. ಬೇರೆಯವರ ಕಾಮಾಲೆ ಎಷ್ಟೋ ಸಲ ತಾನಾಗಿಯೇ ಇಳಿಯುತ್ತದೆ. ಆದರೆ ಬಸುರಿಯ ಕಣ್ಣು ಹಳದಿಯಾದರೆ ಅದೇ ದಿನ ದೊಡ್ಡ ಆಸ್ಪತ್ರೆಗೆ ಒಯ್ಯಿರಿ. ಜೀಪಿಗೆ ದುಡ್ಡಿಲ್ಲವೆಂದರೆ ರಾತ್ರಿಯಾದರೂ ನಮ್ಮ ಬಾಗಿಲು ತಟ್ಟಿ.

ಪರೀಕ್ಷೆಯ ಹಣ ಉಳಿದರೆ ಸೌದೆಗೆ ಹಾಕಿ. ಸುರಂಗದ ನೀರು ಕನ್ನಡಿಯಂತಿದೆ, ಬಾವಿ ಅಜ್ಜನ ಕಾಲದ್ದು ಎಂಬ ಮಾತು ಬೇಡ. ಮೇಲಿನ ಗುಡ್ಡದಲ್ಲಿ ಈಗ ಎಷ್ಟು ಕಕ್ಕಸು ಗುಂಡಿಗಳಿವೆ ಎಂದು ಎಣಿಸಿ ನೋಡಿ. ನೀರು ಕುದಿಯಬೇಕು, ಬೆಚ್ಚಗಾದರೆ ಸಾಲದು. ನಮ್ಮ ಮದುವೆ ಮನೆಗಳಲ್ಲಿ ಜೀರಿಗೆ ನೀರನ್ನು ಕುದಿಸಿ, ಕುಡಿಯುವ ಹದಕ್ಕೆ ಬರಲಿ ಎಂದು ಅದಕ್ಕೇ ಬಾವಿಯ ತಣ್ಣೀರು ಸುರಿಯುವುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಹಂದಿ ಸಾಕುವ ಮನೆಯವರಿಗೆ ಒಂದು ಮಾತು: ಈ ವೈರಸ್ಸಿನ ಒಂದು ಬಳಗ ಹಂದಿಗಳಲ್ಲೂ ಇದೆ, ಮಾಂಸ ಮತ್ತು ಈಲಿ ಒಳಗಿನವರೆಗೂ ಬೇಯಲಿ. ಒಂದೇ ವಾರ್ಡಿನಲ್ಲಿ ಎರಡು ಮೂರು ಮಂದಿಗೆ ಕಾಮಾಲೆ ಕಂಡರೆ ಗುರಿಕಾರರು ಕೂಡಲೇ ಆರೋಗ್ಯ ಕೇಂದ್ರಕ್ಕೆ ತಿಳಿಸಿ, ಆ ರೋಗಿಗಳಿಗೆ ಎ ಯೋ ಇ ಯೋ ನೋಡಿಸಿರೆಂದು ಒತ್ತಾಯಿಸಲಿ.

ಹುಡುಗನ ವರದಿ ಇನ್ನೂ ನಮ್ಮ ಮೇಜಿನ ಮೇಲಿದೆ. ಹುಡುಗಿಯ ತಂದೆ ಬರುವ ಆದಿತ್ಯವಾರ ಬರುತ್ತೇನೆಂದು ಹೇಳಿ ಕಳುಹಿಸಿದ್ದಾರೆ.