ತುಕ್ಕಿನ ಆಳ ಅರಿಯದೆ ದರ ನಿಗದಿ ಸಲ್ಲದು

ಹಳೆಯ ಸೇನಾ ವಾಹನಗಳನ್ನು ಮೂಲರೂಪಕ್ಕೆ ತರುವ ಕೆಲಸ ಯೂರೋಪಿನ ಹಲವು ಸಣ್ಣ ಕಾರ್ಯಾಗಾರಗಳಿಗೆ ಆದಾಯದ ಮೂಲವಾಗಿದೆ. ಆದರೆ ಮೆಗ್ನೀಸಿಯಂ ಮಿಶ್ರಲೋಹದ ಭಾಗಗಳಿಗೆ ಮೊದಲೇ ಒಟ್ಟು ದರ ಹೇಳಿಬಿಡುವುದು ಗಿರಾಕಿಗೂ ಕಾರ್ಯಾಗಾರಕ್ಕೂ ಹಾನಿಕರ.

ಎರಡನೆಯ ಮಹಾಯುದ್ಧದಲ್ಲಿ ಜರ್ಮನ್ ಸೇನೆ ಬಳಸಿದ ಕ್ಯೂಬೆಲ್‌ವಾಗನ್ ವಾಹನವನ್ನೇ ನೋಡಬಹುದು. ಅದರ ಎಂಜಿನ್ನಿನ ಕ್ರ್ಯಾಂಕ್‌ಕೇಸ್ ಮೆಗ್ನೀಸಿಯಂ ಮಿಶ್ರಲೋಹದ ಎರಕ. ಈ ಲೋಹ ಅಲ್ಯೂಮಿನಿಯಂಗಿಂತ ಸುಮಾರು ಮೂರನೇ ಒಂದು ಭಾಗದಷ್ಟು ಹಗುರ. ಆದರೆ ಉಕ್ಕಿನ ಸ್ಟಡ್, ಬೋಲ್ಟುಗಳೊಡನೆ ತೇವ ಸೇರಿದರೆ ಸವೆಯುವುದು ಉಕ್ಕಲ್ಲ, ಮೆಗ್ನೀಸಿಯಂ. ಮೇಲೆ ಕಾಣುವುದು ಬಿಳಿ ಪುಡಿ ಮಾತ್ರ. ಕುಳಿಯ ಆಳ ತಿಳಿಯುವುದು ಸ್ವಚ್ಛಗೊಳಿಸಿದ ನಂತರವೇ. ಆಗಲೂ ಉಕ್ಕಿನ ಕಣ ಸಿಡಿಸಬಾರದು. ಮೇಲ್ಮೈಯಲ್ಲಿ ಉಳಿದ ಕಬ್ಬಿಣ ಹೊಸ ತುಕ್ಕಿಗೆ ಬೀಜವಾಗುತ್ತದೆ. ಗಾಜಿನ ಮಣಿಗಳೇ ಲೇಸು.

ಕಿತ್ತುಹೋದ ಮರೆಗೆ ಇನ್ಸರ್ಟ್ ಹಾಕುವುದು ಅಲ್ಪ ವೆಚ್ಚದ ಕೆಲಸ. ಬೇರಿಂಗ್ ಕೂರುವ ಜಾಗದವರೆಗೆ ಲೋಹ ತಿಂದುಹೋಗಿದ್ದರೆ ಲೆಕ್ಕವೇ ಬೇರೆ. ಆರ್ಗಾನ್ ಅನಿಲದ ರಕ್ಷಣೆಯಲ್ಲಿ ಟಿಗ್ ವೆಲ್ಡಿಂಗ್, ಅನಂತರ ಲೈನ್ ಬೋರಿಂಗ್ ಅಗತ್ಯ. ಎರಡು ಹೋಳುಗಳನ್ನು ಜೋಡಿಯಾಗಿಯೇ ಕೊರೆದಿರುವುದರಿಂದ ಬೇರೊಂದು ಎಂಜಿನ್ನಿನ ಹೋಳನ್ನು ತಂದು ಕೂಡಿಸುವಂತಿಲ್ಲ. ಮೆಗ್ನೀಸಿಯಂ ಚೂರುಗಳಿಗೆ ಬೆಂಕಿ ತಗುಲಿದರೆ ನೀರು ಹಾಕುವುದು ಅನಾಹುತ. ಹೈಡ್ರೋಜನ್ ಹುಟ್ಟಿ ಜ್ವಾಲೆ ಹೆಚ್ಚುತ್ತದೆ. ಲೋಹದ ಬೆಂಕಿಗೆಂದೇ ಇರುವ ‘ಡಿ’ ವರ್ಗದ ಒಣಪುಡಿ ಕೈಗೆಟುಕುವಂತಿರಬೇಕು. ಹಿಂದೆ ರಕ್ಷಣಾ ಲೇಪನಕ್ಕೆ ಸಾಮಾನ್ಯವಾಗಿದ್ದ ಕ್ರೋಮೇಟ್ ಸಂಸ್ಕರಣೆಯಲ್ಲಿನ ಷಡ್ವೇಲೆನ್ಸಿ ಕ್ರೋಮಿಯಂ ಕ್ಯಾನ್ಸರ್‌ಕಾರಕ. ಐರೋಪ್ಯ ಒಕ್ಕೂಟವು 2017ರ ಸೆಪ್ಟೆಂಬರಿನಿಂದ ಕ್ರೋಮಿಯಂ ಟ್ರೈಆಕ್ಸೈಡ್ ಬಳಕೆಗೆ ಪೂರ್ವಾನುಮತಿ ಕಡ್ಡಾಯಗೊಳಿಸಿತು. ಇವೆಲ್ಲವೂ ವೆಚ್ಚಗಳೇ.

ಖಚಿತ ದರ ಹೇಳದಿದ್ದರೆ ಗಿರಾಕಿ ಕೈತಪ್ಪುತ್ತಾನೆ ಎಂಬ ವಾದದಲ್ಲಿ ಹುರುಳಿಲ್ಲದಿಲ್ಲ. ಆದರೆ ಕಡಿಮೆ ದರಕ್ಕೆ ಒಪ್ಪಿಕೊಂಡ ಕಾರ್ಯಾಗಾರ ನಷ್ಟ ತಪ್ಪಿಸಲು ಕುಳಿಗೆ ಎಪಾಕ್ಸಿ ತುಂಬಿ ಬಣ್ಣ ಬಳಿಯುವ ಆಮಿಷಕ್ಕೆ ಒಳಗಾಗುತ್ತದೆ. ಅಲಂಕಾರದ ಮುಚ್ಚಳಕ್ಕೆ ಅದು ನಡೆದೀತು. ಭಾರ ಹೊರುವ ಭಾಗಕ್ಕೆ ಅದು ವಂಚನೆ. ಎಂಜಿನ್ ಒಡೆದ ದಿನ ಹಣದೊಡನೆ ಹೆಸರೂ ಹೋಗುತ್ತದೆ.

ಆದ್ದರಿಂದ ದರಪತ್ರ ಎರಡು ಹಂತದಲ್ಲಿರುವುದು ಒಳಿತು. ಮೊದಲನೆಯದು ಬಿಚ್ಚಿ, ಸ್ವಚ್ಛಗೊಳಿಸಿ, ಬಿರುಕು ಪರೀಕ್ಷಿಸಿ, ಛಾಯಾಚಿತ್ರಸಹಿತ ವರದಿ ಕೊಡುವುದಕ್ಕೆ. ಎರಡನೆಯದು ಆ ವರದಿಯ ಆಧಾರದ ಮೇಲೆ ದುರಸ್ತಿಗೆ. ದುರಸ್ತಿ ಸಾಧ್ಯವಿಲ್ಲವೆಂದು ಕಂಡರೂ ಪರೀಕ್ಷೆಯ ಶುಲ್ಕ ಸಲ್ಲಬೇಕೆಂದು ಲಿಖಿತವಾಗಿರಲಿ. ಜಾಬ್ ವರ್ಕ್ ಮಾಡುವ ಯಾವ ಊರಿನ ಸಣ್ಣ ಉದ್ಯಮಿಗೂ ಇದು ಅನ್ವಯಿಸುತ್ತದೆ. ಒಲ್ಲೆನೆನ್ನಬೇಕಾದ ಕೆಲಸವನ್ನು ಒಲ್ಲೆನೆನ್ನುವ ಧೈರ್ಯಕ್ಕೆ ಆಧಾರ ಆ ಮೊದಲ ಹಂತದ ಶುಲ್ಕವೇ.